ಮಾಜಿ ಸೈನಿಕರ ಕುಡಿತ, ನಿದ್ದೆಗೇಡು ಮತ್ತು ಮಂಗಳವಾರದ ಚಿಕಿತ್ಸೆ

ಸೇನೆಯ ಜವಾನನು ಪಿಂಚಣಿಗೆ ಬೇಕಾದ 15 ವರ್ಷಗಳ ಸೇವೆಯನ್ನು ಪೂರೈಸಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲೇ ಊರಿಗೆ ಮರಳುವುದರಿಂದ, ಅವನ ಬಾಳಿನ ದೊಡ್ಡ ಭಾಗ ನಿವೃತ್ತಿಯ ಅನಂತರಕ್ಕೇ ಉಳಿದಿರುತ್ತದೆ. ದೇವರಗುಡ್ಡದ ಸುತ್ತಲಿನ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅವನಿಗಾಗಿ ಕಾದಿರುವುದು ಗೋವಿನಜೋಳ ಇಲ್ಲವೇ ಮೆಣಸಿನಕಾಯಿಯ ಹೊಲ, ಎಲ್ಲೋ ಒಂದು ಕಾವಲು ಕೆಲಸ, ಮತ್ತು ಆಜ್ಞೆ, ಕವಾಯತು, ಜೊತೆಗಾರರು ಯಾವುದೂ ಇಲ್ಲದ ಉದ್ದನೆಯ ದಿನಗಳು.

ಈ ದಿನಗಳಲ್ಲಿ ಕೆಲವರಿಗೆ ಹಳೆಯದು ಮರುಕಳಿಸುತ್ತದೆ. ಸಾವನ್ನು ಹತ್ತಿರದಿಂದ ಕಂಡವನಿಗೆ ಆ ದೃಶ್ಯಗಳು ಕನಸಿನಲ್ಲೂ ಎಚ್ಚರದಲ್ಲೂ ಮರಳಿ ಬರುವುದು, ಪಟಾಕಿಯ ಸದ್ದಿಗೂ ಮೈ ಬೆಚ್ಚುವುದು, ಮನೆಯವರ ಮೇಲೆ ಸಿಟ್ಟು ಉಕ್ಕುವುದು ಮುಂತಾದ ಲಕ್ಷಣಗಳು ತಿಂಗಳಿಗೂ ಮೀರಿ ಉಳಿದು ಬದುಕನ್ನು ಕೆಡಿಸಿದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರು ಇದಕ್ಕೆ ತಮ್ಮ ರೋಗಪಟ್ಟಿಯಲ್ಲಿ ಜಾಗ ಕೊಟ್ಟರು. ನಿದ್ದೆಗಾಗಿ ತೆಗೆದುಕೊಂಡ ಎರಡು ಗುಟುಕು ರಮ್ ಕ್ರಮೇಣ ನಾಲ್ಕಾಗಿ, ನಿದ್ದೆಯನ್ನೇ ಕೆಡಿಸಿ, ಒಂದು ಕಾಯಿಲೆಯ ಮೇಲೆ ಇನ್ನೊಂದನ್ನು ಹೇರುತ್ತದೆ.

ಇದನ್ನು ಹೇಳಿಕೊಳ್ಳಲು ಯೋಧನಿಗೆ ಇರುವ ಅಳುಕಿಗೆ ಸೇನೆಯಲ್ಲೇ ಬೇರುಗಳಿವೆ. ಅಲ್ಲಿನ ವೈದ್ಯಕೀಯ ದರ್ಜೆಯನ್ನು 'ಶೇಪ್' ಎಂಬ ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲ ಅಕ್ಷರ ಮನಸ್ಸಿನ ಸ್ಥಿತಿಗೆ ಸೇರಿದ್ದು, ಅದು ಕೆಳಗಿಳಿದರೆ ಬಡ್ತಿಗೂ ನೇಮಕಕ್ಕೂ ಅಡ್ಡಿ. ಹೀಗೆ ಮರೆಮಾಚುವುದನ್ನು ವರ್ಷಗಟ್ಟಲೆ ಕಲಿತವನು ನಿವೃತ್ತಿಯ ಮರುದಿನವೇ ವೈದ್ಯರ ಮುಂದೆ ಬಾಯಿ ಬಿಡುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ಶೇ 86ರಷ್ಟು ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದರು. ಸೈನಿಕರಲ್ಲದವರ ಸ್ಥಿತಿಯೂ ಇದೇ ಎಂದಾಯಿತು.

ಆದ್ದರಿಂದ ಚಿಕಿತ್ಸೆಯೇ ಹಳ್ಳಿಯ ಹತ್ತಿರಕ್ಕೆ ಬರಬೇಕು, ಮತ್ತು ಈ ದಾರಿಯನ್ನು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೆಳೆಯಿತು. ರಾಜ್ಯದ 'ಮನೋಚೈತನ್ಯ' ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ದೇವರಗುಡ್ಡದಿಂದ ನೂರು ಕಿಲೋಮೀಟರಿಗೂ ದೂರದ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತಿಂಗಳಿಗೊಮ್ಮೆ ಹೋಗಲಾಗದವನೂ ರಾಣೆಬೆನ್ನೂರಿನ ಸಂತೆಗೆ ಹೋಗುವಷ್ಟೇ ಸಲೀಸಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸಂಜೆಯೊಳಗೆ ಮನೆ ಸೇರಬಲ್ಲನು. ಆಸ್ಪತ್ರೆಯಲ್ಲಿ ದಾಖಲಾಗದೆ, ಮನೆಯಲ್ಲಿದ್ದುಕೊಂಡೇ ಪಡೆಯುವ ಈ ಹೊರರೋಗಿ ಚಿಕಿತ್ಸೆಯಲ್ಲಿ ಹೊಲವೂ ನಿಲ್ಲುವುದಿಲ್ಲ, ಸಂಬಳವೂ ತಪ್ಪುವುದಿಲ್ಲ.

ಆದರೂ ಎಲ್ಲರಿಗೂ ಇದು ಸಲ್ಲದು. ಹಲವು ವರ್ಷ ದಿನವೂ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲು ಕೈನಡುಕ, ಬೆವರು, ಕೆಲವರಲ್ಲಿ ಫಿಟ್ಸ್, ಎರಡರಿಂದ ನಾಲ್ಕು ದಿನಗಳಲ್ಲಿ ಇಲ್ಲದ್ದು ಕಂಡು ಕೂಗಾಡುವ ಸನ್ನಿಯ ಸ್ಥಿತಿ ಬರಬಹುದು. ಅದು ಪ್ರಾಣಕ್ಕೇ ಅಪಾಯ. ದಸರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಕುಡಿತ ಬಿಡುತ್ತೇನೆಂದು ಹರಕೆ ಹೊರುವ ಮನಸ್ಸಿಗೆ ದೊಡ್ಡ ಬಲವಿದೆ, ಅದನ್ನು ಹಗುರಾಗಿ ಕಾಣಬಾರದು. ಆದರೆ ಹರಕೆ ಹೊತ್ತವನು ಕುಡಿತ ನಿಲ್ಲಿಸುವ ಮೊದಲೇ ವೈದ್ಯರನ್ನೂ ಕಾಣಲೇಬೇಕು. ಹಿಂದೆ ಫಿಟ್ಸ್ ಬಂದವನನ್ನು, ಯಕೃತ್ತು ಕೆಟ್ಟವನನ್ನು, ಸಾಯುವ ಮಾತಾಡುವವನನ್ನು ದಾಖಲು ಮಾಡಿಕೊಳ್ಳಲೇಬೇಕು. ಉಳಿದವರಿಗೆ ಸುಮಾರು ಒಂದು ವಾರ ಕ್ರಮೇಣ ಇಳಿಸುತ್ತ ಹೋಗುವ ಮಾತ್ರೆಗಳು ಮತ್ತು ಮಿದುಳಿನ ರಕ್ಷಣೆಗೆ ಬಿ1 ಜೀವಸತ್ವವಾದ ಥಯಾಮಿನ್ ಸಾಕಾಗುತ್ತವೆ.

ನಿಜವಾದ ಕೆಲಸ ಅನಂತರದ್ದು. ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಿ, ಆಪ್ತಸಮಾಲೋಚನೆ, ಹಳೆಯ ದೃಶ್ಯಗಳನ್ನು ಸುರಕ್ಷಿತವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಇವು ಜೊತೆಯಾಗಿ ನಡೆಯಬೇಕು. ಕುಡಿತ ಬಿಟ್ಟ ಮೇಲೆ ಮನಸ್ಸನ್ನು ನೋಡೋಣವೆಂದರೆ ನಿದ್ದೆಯಿಲ್ಲದ ರಾತ್ರಿಯೇ ಅವನನ್ನು ಬಾಟಲಿಗೆ ಮರಳಿಸುತ್ತದೆ. ಕುಡಿದರೆ ವಾಂತಿ, ಎದೆಬಡಿತ ತರುವ ಡೈಸಲ್ಫಿರಾಮ್ ಮಾತ್ರೆಯನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದು ಅಪಾಯ, ಮೇಲಾಗಿ ವಿಶ್ವಾಸದ್ರೋಹ. ಮಿಲಿಟರಿ ಕ್ಯಾಂಟೀನಿನ ಮದ್ಯದ ಕಾರ್ಡನ್ನು ಯಾರು ಇಟ್ಟುಕೊಳ್ಳಬೇಕೆಂಬುದನ್ನು ಅವನೂ ಅವನ ಹೆಂಡತಿಯೂ ವೈದ್ಯರ ಮುಂದೆಯೇ ಮಾತಾಡಿ ತೀರ್ಮಾನಿಸುವುದು ಇದಕ್ಕಿಂತ ಎಷ್ಟೋ ಒಳ್ಳೆಯದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಕೂಡುವ ನವಜೀವನ ಸಮಿತಿಗಳು, ಪರೇಡಿನ ಜೊತೆಗಾರರನ್ನು ಕಳೆದುಕೊಂಡವನಿಗೆ ಒಂದು ತುಕಡಿಯನ್ನೇ ಮರಳಿ ಕೊಡಬಲ್ಲವು.

ಈ ಕೆಲಸಕ್ಕೆ ನೆರವಾಗಬಲ್ಲ ವ್ಯವಸ್ಥೆಗಳು ಈಗಾಗಲೇ ಇವೆ. 2003ರಲ್ಲಿ ಆರಂಭವಾದ, ಮಾಜಿ ಸೈನಿಕರ ವೈದ್ಯಕೀಯ ನೆರವಿನ ಇಸಿಎಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗಳಿವೆ. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಿದೆ. 2023ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಸಶಸ್ತ್ರ ಪಡೆಗಳಿಗೆಂದೇ ಅದರ ಘಟಕವೂ ಆರಂಭವಾಯಿತು. ಇವುಗಳನ್ನು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಚಿಕಿತ್ಸೆಗೆ ಜೋಡಿಸಲು ಹೊಸ ಕಟ್ಟಡ ಬೇಕಿಲ್ಲ. ಕುಡಿತಕ್ಕೋ ನಿದ್ದೆಗೇಡಿಗೋ ಚೀಟಿ ಮಾಡಿಸುವ ಪ್ರತಿಯೊಬ್ಬನನ್ನೂ 'ಸೇನೆಯಲ್ಲಿದ್ದಿರಾ, ಎಲ್ಲೆಲ್ಲಿ ಕೆಲಸ ಮಾಡಿದಿರಿ' ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆದಿಡುವುದನ್ನು ರಾಣೆಬೆನ್ನೂರು, ಬ್ಯಾಡಗಿಯ ಆಸ್ಪತ್ರೆಗಳು ಈ ವಾರವೇ ಶುರುಮಾಡಬಹುದು.