ಕೈ ಬೀಸಿದರೆ ಮೊರೆಯುವ ಖಡ್ಗ

ಮಡಿಕೇರಿ ದಸರೆಯ ದಶಮಂಟಪಗಳಲ್ಲಿ ದೇವಿಯ ಖಡ್ಗ ಮಿಂಚಿ ಅಸುರ ಉರುಳುವಾಗ, ಧ್ವನಿಮುದ್ರಿಕೆ ಮೊದಲೇ ಸಿದ್ಧವಾಗಿರುತ್ತದೆ. ಬೊಂಬೆಗಳ ಚಲನೆ, ಬೆಳಕು ಎಲ್ಲವೂ ಅದನ್ನು ಹಿಂಬಾಲಿಸುತ್ತವೆ. ಕರೆಂಟಿಗೆ ಜನರೇಟರ್ ಇರುತ್ತದೆ. ಅದನ್ನು ನೋಡಿ ಬಂದ ಶಿರಂಗಾಲದ ಹುಡುಗನೊಬ್ಬ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಅಂಥದ್ದೇ ಖಡ್ಗ ಮಾಡಹೊರಟರೆ ಲೆಕ್ಕ ತಿರುವುಮುರುವಾಗುತ್ತದೆ. ಇಲ್ಲಿ ಕೈ ಮೊದಲು, ಸದ್ದು ಆಮೇಲೆ. ಜನರೇಟರಿನ ಜಾಗದಲ್ಲಿ ಹಿಡಿಯೊಳಗೆ ಒಂದೇ ಒಂದು 18650 ಲಿಥಿಯಂ ಸೆಲ್.

ಬೆಳಕಿನ ಭಾಗ ಸುಲಭ. ಡಬ್ಲ್ಯುಎಸ್2812ಬಿ ಪಟ್ಟಿಯಲ್ಲಿ ಪ್ರತಿ ಎಲ್‌ಇಡಿಯೊಳಗೂ ಒಂದು ಚಿಪ್ ಇದೆ. ಡೇಟಾ ತಂತಿಯಲ್ಲಿ ಬಂದ ಆದೇಶದಲ್ಲಿ ತನ್ನ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಿಡಿಯಿಂದ ತುದಿಗೆ ಬೆಳಕು ಏರುವಂತೆ ಮಾಡಲು ಕೆಲವೇ ಸಾಲಿನ ಪ್ರೋಗ್ರಾಂ ಸಾಕು. ಮೀಟರಿಗೆ 60 ಎಲ್‌ಇಡಿಗಳಿರುವ ಪಟ್ಟಿಯ ಎರಡು ತುಂಡುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಎರಡಕ್ಕೂ ಒಂದೇ ಡೇಟಾ ತಂತಿ ಕೊಟ್ಟರೆ 80 ಸೆಂ.ಮೀ. ಅಲಗಿಗೆ 96 ಎಲ್‌ಇಡಿ ಆಗುತ್ತವೆ.

ತೊಡಕು ಇರುವುದು ಕರೆಂಟಿನಲ್ಲಿ. ಪ್ರತಿ ಎಲ್‌ಇಡಿಯ ಕೆಂಪು, ಹಸಿರು, ನೀಲಿ ಬಣ್ಣಗಳು ತಲಾ ಸುಮಾರು 20 ಮಿಲಿಆಂಪ್ ಎಳೆಯುತ್ತವೆ. ಬರೀ ಕೆಂಪು ಉರಿಸಿದರೆ 1.9 ಆಂಪ್, ಅಚ್ಚ ಬಿಳಿಯಾದರೆ 5.8. ಕತ್ತಿಗೆ ಕತ್ತಿ ತಾಗಿದಾಗ ಬಿಳಿ ಮಿಂಚು ಬರಲಿ ಎಂದು ಎಲ್ಲರೂ ಬಯಸುತ್ತಾರೆ. ಪಂಪ್‌ಸೆಟ್ ಶುರುವಾದಾಗ ಮನೆಯ ಬಲ್ಬು ಮಂಕಾಗುವ ಹಾಗೆ, ಆ ಕ್ಷಣ ಸೆಲ್ಲಿನ ವೋಲ್ಟೇಜ್ ಕುಸಿದು ಸದ್ದಿನ ಬೋರ್ಡ್ ನಿಂತೇ ಹೋಗಬಹುದು. ಅದಕ್ಕೆ ಪಟ್ಟಿಗೂ ಬೋರ್ಡಿಗೂ ಸೆಲ್ಲಿನಿಂದಲೇ ಬೇರೆ ಬೇರೆ ದಪ್ಪ ತಂತಿ ಎಳೆಯಬೇಕು, ಪಟ್ಟಿಯ ಬುಡದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬೇಕು, ಮಿಂಚನ್ನು ಅರ್ಧ ಪ್ರಖರತೆಗೆ ಇಳಿಸಬೇಕು. ನನ್ನ ಮತ ಕೆಂಪು ಖಡ್ಗಕ್ಕೆ. ಸೆಲ್ ಇಳಿದಂತೆ ನೀಲಿ ಮೊದಲು ಮಸುಕಾಗುತ್ತದೆ, ಕೆಂಪು ಕೊನೆಯವರೆಗೂ ನಿಲ್ಲುತ್ತದೆ.

ಕೈಯ ಚಲನೆ ತಿಳಿಯಲು ಎಂಪಿಯು6050 ಸೆನ್ಸರ್ ಸಾಕು. ಅದರ ಗೈರೋ ತಿರುಗುವ ವೇಗವನ್ನು ಅಳೆಯುತ್ತದೆ. ಅದು ಒಂದು ಮಿತಿ ದಾಟಿದರೆ ಬೀಸಿದ ಸದ್ದು. ಆಕ್ಸೆಲೆರೊಮೀಟರ್ ಹಠಾತ್ತನೆ ಜಿಗಿದರೆ ಏಟಿನ ಸದ್ದು. ಒಂದು ಏಟಿಗೆ ಅಲಗು ಹಲವು ಬಾರಿ ಕಂಪಿಸುವುದರಿಂದ, ಸುಮಾರು 200 ಮಿಲಿಸೆಕೆಂಡ್ ಮುಂದಿನ ಏಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಂ ಬರೆಯಬೇಕು. ಸೆನ್ಸರ್ ಹಿಡಿಯೊಳಗೆ ಅಲುಗಾಡಿದರೆ ಇಲ್ಲದ ಏಟೆಲ್ಲ ಕೇಳಿಸುತ್ತದೆ. ಮಿತಿಗಳನ್ನು ಮೇಜಿನ ಮೇಲೆ ಕೂತು ನಿರ್ಧರಿಸಬೇಡಿ. ಪಾತ್ರ ಮಾಡುವ ಮಗುವೇ ಬೀಸಲಿ.

ಸದ್ದಿಗೆ ಅಗ್ಗದ ದಾರಿ ಡಿಎಫ್‌ಪ್ಲೇಯರ್ ಮಿನಿ. ಮೆಮೊರಿ ಕಾರ್ಡಿನಿಂದ ಎಂಪಿ3 ನುಡಿಸುತ್ತದೆ, 3 ವ್ಯಾಟಿನ ಆಂಪ್ಲಿಫೈಯರ್ ಅದರಲ್ಲೇ ಇದೆ. ನಿಯಂತ್ರಣದ ಬೋರ್ಡಾದ ಆರ್ಡುಯಿನೊದಿಂದ ಅದಕ್ಕೆ ಹೋಗುವ ತಂತಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಇದ್ದರೆ ಕಿರಿಕಿರಿ ಸದ್ದು ತಗ್ಗುತ್ತದೆ. ಆದರೆ ಅದಕ್ಕೆ ಎರಡು ಸದ್ದುಗಳನ್ನು ಬೆರೆಸಲು ಬಾರದು. ಬೀಸಿದ ಸದ್ದು ಶುರುವಾದರೆ ಹಿನ್ನೆಲೆಯ ಗುಂಯ್‌ಗುಟ್ಟುವಿಕೆ ಕಡಿದುಹೋಗುತ್ತದೆ, ನಡುವೆ ಸಣ್ಣ ಮೌನವೂ ಬೀಳುತ್ತದೆ. ಪ್ರಾಫಿಬೋರ್ಡ್‌ನಂಥ ದುಬಾರಿ ಬೋರ್ಡುಗಳು ಬೀಸಿನ ವೇಗಕ್ಕೆ ತಕ್ಕಂತೆ ಸದ್ದುಗಳನ್ನು ಬೆರೆಸುತ್ತವೆ. ಹಣದ ವ್ಯತ್ಯಾಸ ಇರುವುದು ಅಲ್ಲೇ. ಅಗ್ಗದ ಬೋರ್ಡಿನಲ್ಲೇ ಕೆಲಸ ಆಗಬೇಕೆಂದರೆ, ಬೀಸಿನ ಫೈಲಿನೊಳಗೇ ಗುಂಯ್ ಸದ್ದನ್ನೂ ಬೆರೆಸಿಡಿ.

ಆ ಸದ್ದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1977ರ 'ಸ್ಟಾರ್ ವಾರ್ಸ್' ಚಿತ್ರದ ಖಡ್ಗಗಳಿಗೆ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಬಳಸಿದ್ದು ಹಳೆಯ ಪ್ರೊಜೆಕ್ಟರ್ ಮೋಟಾರಿನ ಗುಂಯ್‌ಗುಟ್ಟುವಿಕೆಯನ್ನು, ಜೊತೆಗೆ ಟಿವಿಯ ಪಿಕ್ಚರ್ ಟ್ಯೂಬಿನ ಬಳಿ ಮೈಕಿಗೆ ಸಿಕ್ಕ ಕಿರ್ ಸದ್ದನ್ನು. ಹೊಲದ ಪಂಪ್‌ಸೆಟ್ಟಿನ ಮೊರೆತವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸ್ವರ ತಗ್ಗಿಸಿ ನೋಡಿ, ಮಹಿಷಾಸುರನ ಕತ್ತಿಗೆ ಚೆನ್ನಾಗಿಯೇ ಒಗ್ಗೀತು.

ನಿಯಂತ್ರಣಕ್ಕೆ 3.3 ವೋಲ್ಟಿನ ಆರ್ಡುಯಿನೊ ಪ್ರೊ ಮಿನಿ ಇದ್ದರೆ ಎಲ್ಲವೂ ಒಂದೇ ಸೆಲ್ಲಿನಲ್ಲಿ ನಡೆಯುತ್ತದೆ. ಬಿಡಿಭಾಗಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಹಿಡಿಗೆ ಪಿವಿಸಿ ಪೈಪು, ಅಲಗಿಗೆ ಹಾಲುಬಣ್ಣದ ಪಾಲಿಕಾರ್ಬೊನೇಟ್ ಕೊಳವೆ; ಗಾಜು ಬೇಡವೇ ಬೇಡ. ರಕ್ಷಣಾ ಸರ್ಕ್ಯೂಟ್ ಇರುವ ಹೊಸ ಸೆಲ್ ಕೊಳ್ಳಿ, ಹಳೆ ಲ್ಯಾಪ್‌ಟಾಪ್ ಬಿಚ್ಚಿ ತೆಗೆದದ್ದನ್ನು ಮಕ್ಕಳ ಕೈಗೆ ಕೊಡಬೇಡಿ. ಹಿಡಿಯೊಳಗಿನ ಪುಟ್ಟ ಸ್ಪೀಕರ್ ಮುಂದಿನ ಕೆಲವು ಸಾಲುಗಳಾಚೆ ಕೇಳಿಸದು. ಪಾತ್ರಧಾರಿಯ ಕಾಲರ್ ಮೈಕಿಗೆ ಅದರ ಸದ್ದು ಸಿಗುತ್ತದೆಯೇ ಎಂದು ನಾಟಕದ ಹಿಂದಿನ ದಿನವೇ ಮೈಕ್‌ಸೆಟ್ಟಿನವರೊಂದಿಗೆ ನೋಡಿಕೊಳ್ಳಿ.