ಕಾಲುದಾರಿಗೂ ಒಂದು ದಾಖಲೆ ಉಂಟು



ನಮ್ಮ ಹೊಸೂರು ಸೀಮೆಯಲ್ಲಿ ದಾರಿಗೆ ಎಷ್ಟು ಹೆಸರುಗಳಿವೆ, ಒಮ್ಮೆ ಎಣಿಸಿ ನೋಡಿ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲವಿದ್ದರೆ ಅದು ಕಾಲುದಾರಿ. ಜೋಡೆತ್ತಿನ ಗಾಡಿ ಹೋದರೆ ಬಂಡಿಜಾಡು. ಎರಡು ಬೇಲಿಗಳ ನಡುವೆ ತಗ್ಗಾಗಿ ಸಾಗಿದರೆ ಓಣಿ. ಪಕ್ಕದ ಮನೆಯವರು ಇವನ್ನೇ ಒತ್ತಯಡಿ ಪಾದೈ, ವಂಡಿಪ್ಪಾದೈ ಎನ್ನುತ್ತಾರೆ. ಅವರಾಚೆಯ ಮನೆಯವರು ತೆಲುಗಿನಲ್ಲಿ ಬಾಟ ಎನ್ನುತ್ತಾರೆ. ಹೆಸರು ಬೇರೆಯಾದರೂ ಎಲ್ಲರ ಹೆಜ್ಜೆಯೂ ಬೀಳುವುದು ಒಂದೇ ಕಡೆ. ಈ ದಾರಿಗಳಲ್ಲಿ ನಡೆದರೆ ಏನು ಕಾಣುತ್ತದೆ, ಅವು ಉಳಿಯಬೇಕಾದರೆ ಕಾಗದದಲ್ಲಿ ಏನಿರಬೇಕು, ಈ ಎರಡನ್ನು ಇಂದು ಹೇಳುತ್ತೇನೆ. ಎರಡನೆಯದು ಒಣ ವಿಷಯವೆಂದು ರೇಡಿಯೋ ಆರಿಸಬೇಡಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಾಗದದ ಮಾತು ಬಾರದೆ ಇರುವುದಿಲ್ಲ.

ಮೊದಲು ನೆಲದ ಕಥೆ. ಹೊಸೂರು, ತಳಿ, ದೆಂಕಣಿಕೋಟೆಗಳು ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿವೆ. ಎತ್ತರ ಸುಮಾರು 3000 ಅಡಿ. ಶೂಲಗಿರಿ, ರಾಯಕೋಟೆಗಳನ್ನು ದಾಟಿದರೆ ನೆಲ ಮೆಟ್ಟಿಲಿಳಿದಂತೆ ಕೃಷ್ಣಗಿರಿಯ ಬಯಲಿಗೆ ಇಳಿಯುತ್ತದೆ. ಹಳೆಯ ದಫ್ತರಗಳಲ್ಲಿ ಮೇಲಿನ ಸೀಮೆಗೆ ಬಾಲಾಘಾಟ್, ಕೆಳಗಿನದಕ್ಕೆ ಬಾರಾಮಹಲ್ ಎಂದು ಹೆಸರು. ಬಾರಾಮಹಲ್ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಕುಂಪಣಿಗೆ ಹೋಯಿತು. ಹೊಸೂರು ಕಡೆಯ ಸೀಮೆ ಹೋದದ್ದು 1799ರಲ್ಲಿ. ನಡುವಿನ ಕಣಿವೆಗೆ ಕಾವಲಿದ್ದದ್ದು ರಾಯಕೋಟೆಯ ದುರ್ಗ. ಅದನ್ನು ಬ್ರಿಟಿಷರು 1791ರಲ್ಲೇ ಹಿಡಿದಿದ್ದರು. ಇಂದು ಆ ಬೆಟ್ಟ ಹತ್ತಿ ನಿಂತರೆ, ಅಷ್ಟು ಸಣ್ಣ ಊರಿಗಾಗಿ ಸೈನ್ಯಗಳು ಯಾಕೆ ಬಡಿದಾಡಿದವು ಎಂಬುದು ಕಣ್ಣಿಗೇ ತಿಳಿಯುತ್ತದೆ. ಮೇಲಿನ ಸೀಮೆಯಿಂದ ಕೆಳಗಿಳಿಯುವವರೆಲ್ಲ ಆ ಕೋಟೆಯ ಕಣ್ಣೆದುರೇ ಹಾಯಬೇಕಿತ್ತು.

ಕಾಲುದಾರಿಯನ್ನು ಯಾರೂ ನಕ್ಷೆ ಬರೆದು ಮಾಡಿದ್ದಲ್ಲ. ಸಂತೆಗೆ, ನೀರಿಗೆ, ದನ ಮೇಯಿಸಲಿಕ್ಕೆ, ಹೆಣ್ಣು ಕೊಟ್ಟ ಊರಿಗೆ ಹೋಗಿ ಬಂದು ಆದದ್ದು. ಆದ್ದರಿಂದಲೇ ಅದು ನೇರವಾಗಿ ಹೋಗದು. ಬಂಡೆ ಬಂದರೆ ಬಳಸುತ್ತದೆ, ಕೆರೆ ಬಂದರೆ ಏರಿಯ ಮೇಲೆ ಹತ್ತುತ್ತದೆ, ಬಿಸಿಲು ಹೆಚ್ಚುವ ಕಡೆ ಹುಣಸೆ ತೋಪಿನೊಳಕ್ಕೆ ನುಸುಳುತ್ತದೆ. ತಳಿಯಿಂದ ಆನೇಕಲ್ಲಿನ ದಿಕ್ಕಿಗೆ ಹೋಗುವ ದಾರಿಗಳು ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ ನಡುವೆ ಇದ್ದ ಗೆರೆಯನ್ನು ಲೆಕ್ಕಿಸಲಿಲ್ಲ. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಏರ್ಪಟ್ಟ ಮೇಲೂ ಲೆಕ್ಕಿಸಲಿಲ್ಲ. ಮದುವೆ ದಿಬ್ಬಣಕ್ಕೆ ಚೆಕ್‌ಪೋಸ್ಟ್ ಎಲ್ಲಿದೆ!

ನಡೆಯುವವರಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ವೀರಗಲ್ಲುಗಳು ನಿಂತಿವೆ. ತುರು ಕಾಯ್ದು ಸತ್ತವರು, ಹುಲಿಯೊಡನೆ ಹೋರಾಡಿ ಸತ್ತವರು ಅವುಗಳಲ್ಲಿ ಇದ್ದಾರೆ. ಕಲ್ಲು ಕಂಡ ಕಡೆ ಸ್ವಲ್ಪ ನಿಂತು ಯೋಚಿಸಿ. ನಾಲ್ಕು ಜನ ಓಡಾಡದ ಜಾಗದಲ್ಲಿ ಯಾರೂ ವೀರನನ್ನು ನಿಲ್ಲಿಸುವುದಿಲ್ಲ, ಹತ್ತಿರದಲ್ಲೇ ಹಳೆಯ ದಾರಿ ಇದ್ದಿರಬೇಕು ಎಂಬುದು ನನ್ನ ಲೆಕ್ಕ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹೊಸೂರು–ಕೃಷ್ಣಗಿರಿ ಹೆದ್ದಾರಿ ಬಿಟ್ಟು ಒಳಕ್ಕೆ ಮಲ್ಲಚಂದ್ರಕ್ಕೆ ಹೋಗಿ. ಬೋಳು ಬಂಡೆಯ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಮುಂದೆ ದುಂಡನೆಯ ಕಿಂಡಿ ಕೊರೆದ ಕಲ್ಮನೆಗಳು ಸಾಲುಸಾಲಾಗಿವೆ. ಇಂಥವನ್ನು ನಮ್ಮ ಹಿರಿಯರು ಪಾಂಡವರ ಮನೆ ಎಂದರು. ಬಲ್ಲವರು ಬೃಹತ್‌ಶಿಲಾ ಕಾಲದ ಸಮಾಧಿ ಎನ್ನುತ್ತಾರೆ. ಇದೇ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಅಗೆದಾಗ ಸಿಕ್ಕ ಕಬ್ಬಿಣದ ಕಾಲ ಕ್ರಿಸ್ತಪೂರ್ವ 2172 ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ನಾಲ್ಕು ಸಾವಿರ ವರ್ಷದಿಂದ ಈ ಗುಡ್ಡಗಳಲ್ಲಿ ಜನ ನಡೆದಿದ್ದಾರೆ ಎಂದಾಯಿತು.

ಈಗ ಕಾಗದದ ಮಾತು. ಬೆಳೆ ಸಾಲಕ್ಕೆ ಜಮೀನು ಅಡವಿಟ್ಟಾಗ ಕ್ರಯಪತ್ರವನ್ನು ಗುಮಾಸ್ತ ಓದಲೇಬೇಕು. ಅದರಲ್ಲಿ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಉತ್ತರಕ್ಕೆ ಹಳ್ಳ, ಪಶ್ಚಿಮಕ್ಕೆ ಕೆರೆಗೆ ಹೋಗುವ ಕಾಲುದಾರಿ. ಹಳೆಯ ಪತ್ರಗಳಲ್ಲಿ ಈ ಕಾಲುದಾರಿ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಹೊಸೂರಿಗೆ 1970ರ ದಶಕದಲ್ಲಿ ಕೈಗಾರಿಕಾ ವಸಾಹತು ಬಂತು. ಬೆಂಗಳೂರು ಹತ್ತಿರವಾಯಿತು. 2019ರಲ್ಲಿ ಊರು ಮಹಾನಗರ ಪಾಲಿಕೆಯೂ ಆಯಿತು. ಹೊಲ ಹೋಗಿ ನಿವೇಶನವಾದಾಗ ಚಕ್ಕುಬಂದಿಯಲ್ಲಿ ಕಾಲುದಾರಿಯ ಜಾಗಕ್ಕೆ ನಿವೇಶನದ ನಂಬರು ಬಂದು ಕೂರುತ್ತದೆ. ತಳಿ, ಬಾಗಲೂರು ಕಡೆ ಗುಲಾಬಿಗೆ ಪಾಲಿಥೀನ್ ಮನೆ ಕಟ್ಟಿದವರು ಸುತ್ತ ಬೇಲಿ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ, ಲಕ್ಷಗಟ್ಟಲೆ ಹಣ ಹೂಡಿದವರು ಬೇಲಿ ಹಾಕದೆ ಇರುತ್ತಾರೆಯೇ? ಆದರೆ ಬೇಲಿ ಹಾಕುವ ದಿನ ಊರಿನವರು ಸುಮ್ಮನಿದ್ದರೆ ಮಾತ್ರ ಕಷ್ಟ.

ಏಕೆಂದರೆ ದಾರಿಯಲ್ಲಿ ಎರಡು ಬಗೆ. ಸರ್ಕಾರಿ ಪೊರಂಬೋಕು ನೆಲದಲ್ಲಿರುವ ದಾರಿ ಗ್ರಾಮ ನಕ್ಷೆಯಲ್ಲೂ, ಪ್ರತಿ ಸರ್ವೆ ನಂಬರಿನ ಅಳತೆ ಪುಸ್ತಕದಲ್ಲೂ ಗುರುತಾಗಿರುತ್ತದೆ. ಅಳತೆ ಪುಸ್ತಕವೆಂದರೆ ಕಚೇರಿಯವರು ಎಫ್.ಎಂ.ಬಿ. ಎನ್ನುವ ಚಿತ್ರ. ಅಂಥ ನೆಲವನ್ನು ಒತ್ತಿದರೆ 1905ರ ಭೂ ಒತ್ತುವರಿ ಕಾಯಿದೆಯಂತೆ ತೆರವು ಮಾಡಿಸಬಹುದು. ಖಾಸಗಿ ಪಟ್ಟಾ ನೆಲದ ಮೇಲೆ ಹಾಯುವ ದಾರಿ ಬೇರೆ. ಅದಕ್ಕೆ ಆಧಾರ 1882ರ ಅನುಭೋಗ ಹಕ್ಕುಗಳ ಕಾಯಿದೆ. ಇನ್ನೊಬ್ಬರ ಹೊಲದ ಮೇಲೆ ಹಾದು ನಿಮ್ಮ ಹೊಲಕ್ಕೆ 20 ವರ್ಷ ಬಹಿರಂಗವಾಗಿ, ಜಗಳವಿಲ್ಲದೆ, ಅಡ್ಡಿಯಿಲ್ಲದೆ, ಹಕ್ಕೆಂದು ನಡೆದಿದ್ದರೆ ಆ ದಾರಿ ನಿಮಗೆ ಹಕ್ಕಾಗುತ್ತದೆ. ದಯವಿಟ್ಟು ಬಿಡಿ ಎಂದು ಅಪ್ಪಣೆ ಕೇಳಿ ನಡೆದದ್ದು ಈ ಲೆಕ್ಕಕ್ಕೆ ಸೇರದು. ಅಡ್ಡಗಟ್ಟಿದ ಮೇಲೆ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಜನ ಮರೆಯುತ್ತಾರೆ. ಹೀಗೆ ಬಂದ ದಾರಿಯ ಹಕ್ಕನ್ನು 20 ವರ್ಷ ಒಂದೇ ಸಮನೆ ಬಳಸದೆ ಬಿಟ್ಟರೆ ಅದು ಅಳಿದುಹೋಗುತ್ತದೆ. ಉಳಿತಾಯ ಖಾತೆಯಲ್ಲಿ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದಲ್ಲ, ಇದೂ ಹಾಗೆಯೇ. ಅಲ್ಲಿ ಅರ್ಜಿ ಕೊಟ್ಟರೆ ಖಾತೆ ಮತ್ತೆ ಜೀವ ಪಡೆಯುತ್ತದೆ, ಇಲ್ಲಿ ಆ ಅನುಕೂಲವಿಲ್ಲ.

ಇಂಗ್ಲೆಂಡಿನಲ್ಲಿ 1949ರಲ್ಲೇ ಒಂದು ಕಾಯಿದೆ ಮಾಡಿ, ಹೊಲಗಳ ನಡುವಿನ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಆಯಾ ಕೌಂಟಿ ಕೌನ್ಸಿಲಿಗೆ ವಹಿಸಿದರು. ಅಲ್ಲಿಯೂ 20 ವರ್ಷದ ನಡಿಗೆಗೇ ಬೆಲೆ. ರೈತನ ಗೋಧಿ ಹೊಲದ ನಡುವೆ ಊರಿನವರೂ ಪರಸ್ಥಳದವರೂ ನಡೆಯುತ್ತಾರೆ, ರೈತ ಬೇಲಿಗೆ ಸಣ್ಣ ಮೆಟ್ಟಿಲು ಇಟ್ಟಿರುತ್ತಾನೆ. ನಮ್ಮಲ್ಲಿ ನಕ್ಷೆ ಅದಕ್ಕಿಂತ ಹಳೆಯದು. ಅದನ್ನು ತೆರೆದು ನೋಡುವವರು ಕಡಿಮೆ.

ನೋಡುವುದು ಕಷ್ಟವೂ ಅಲ್ಲ. ತಮಿಳುನಾಡಿನಲ್ಲಿ 1980ರಲ್ಲಿ ಕರ್ಣಂ ಹುದ್ದೆ ರದ್ದಾದ ಮೇಲೆ ಗ್ರಾಮದ ಲೆಕ್ಕ ಗ್ರಾಮ ಆಡಳಿತಾಧಿಕಾರಿಯ ಬಳಿ ಇದೆ. ಸರ್ವೆ ನಂಬರು ಗೊತ್ತಿದ್ದರೆ ಎಫ್.ಎಂ.ಬಿ. ಚಿತ್ರ ಈಗ ಕಂಪ್ಯೂಟರಿನಲ್ಲೂ ಸಿಗುತ್ತದೆ. ಹಳೆಯ ಅಳತೆ ಲಿಂಕಿನಲ್ಲಿದ್ದರೆ ಗಾಬರಿಯಾಗಬೇಡಿ, 100 ಲಿಂಕಿಗೆ 66 ಅಡಿ. ಚಿತ್ರವನ್ನು ಕೈಯಲ್ಲಿ ಹಿಡಿದು, ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ದಾರಿಯುದ್ದಕ್ಕೂ ನಡೆಯಿರಿ. ಶಾಲೆಯ ಮಕ್ಕಳಿದ್ದರೆ ಇನ್ನೂ ಚೆನ್ನ.

ಕಾಡಿನ ಮಾತು ಮಾತ್ರ ಬೇರೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ರಾಗಿ ತೆನೆಯ ಕಾಲಕ್ಕೆ ಜವಳಗಿರಿ, ತಳಿ, ಸಾನಮಾವು ಕಾಡುಗಳಿಗೆ ಬರುತ್ತವೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಆ ಕಡೆ ಮುಂಜಾನೆ ಮಬ್ಬಿನಲ್ಲೂ ಸಂಜೆಯ ಮೇಲೂ ಕಾಲಿಡಬೇಡಿ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಣೆಯಾಗಿದೆ. ಅರಣ್ಯದೊಳಕ್ಕೆ ಅಪ್ಪಣೆಯಿಲ್ಲದೆ ಹೋಗುವಂತಿಲ್ಲ. 2018ರ ಮಾರ್ಚಿನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಸತ್ತ ಮೇಲೆ ನಿಯಮಗಳು ಬಿಗಿಯಾದವು. 2024ರ ಅಕ್ಟೋಬರಿನಿಂದ ಅರಣ್ಯ ಇಲಾಖೆಯೇ ರಾಜ್ಯದಲ್ಲಿ 40 ದಾರಿಗಳನ್ನು ಗೊತ್ತುಮಾಡಿ, ಶುಲ್ಕ ಪಡೆದು ಮಾರ್ಗದರ್ಶಿಯ ಜೊತೆ ಕಳಿಸಲು ಶುರುಮಾಡಿತು. ನಮ್ಮ ಮೇಲಗಿರಿಯ ಗುತ್ತಿರಾಯನ್ ಶಿಖರವೂ ಅದರಲ್ಲಿದೆ. ಅಲ್ಲೇ ಬೆಟ್ಟಮುಗಿಲಾಳಂ ಎಂಬ ಊರಿದೆ. ಬೆಟ್ಟ, ಮುಗಿಲು ಎರಡೂ ನಮ್ಮ ಮಾತೇ, ಹೆಸರು ಕೇಳಿದವರಿಗೆ ಊರು ಎಷ್ಟು ಎತ್ತರದಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಊರ ನಡುವಿನ ದಾರಿಗಳಿಗೆ ಶುಲ್ಕವಿಲ್ಲ. ರಾಗಿ ಕಟಾವಾದ ಮೇಲೆ ಹೊಲ ತೆರವಾಗಿರುತ್ತದೆ, ಕಾಡಂಚಿನಿಂದ ದೂರದ ಹಳ್ಳಿಗಳಲ್ಲಿ ನಡೆಯಲು ಅದೇ ಒಳ್ಳೆಯ ಕಾಲ. ನಿಂತ ಬೆಳೆ ತುಳಿಯಬೇಡಿ, ತೆಗೆದ ಒಡ್ಡುಗಲ್ಲನ್ನು ತಿರುಗಿ ಇಡಿ. ನೀರು ಒಯ್ಯಿರಿ. ಮನೆಗೆ ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಬೆಳಿಗ್ಗೆ ಇಳಿದ ಕೂಡಲೇ ಕಂಡಕ್ಟರನನ್ನು ಕೇಳಿಟ್ಟುಕೊಳ್ಳಿ.