ಕೊರಮೀನಿನ ಹೊಂಡಕ್ಕೆ ಸಸಲೇ ಸರಿ

ಕುಚ್ಚು, ಮುರ್ರೆಲ್ ಎಂದೂ ಕರೆಯುವ ಕೊರಮೀನಿಗೆ ಸಂತೆಯಲ್ಲಿ ಕಾಟ್ಲಾ, ರೋಹುಗಳಿಗಿಂತ ಒಳ್ಳೆಯ ಬೆಲೆ. ಮೇಲೆ ಬಂದು ಗಾಳಿ ಗುಟುಕರಿಸಿ ಬದುಕಬಲ್ಲದ್ದರಿಂದ ನೀರು ತಗ್ಗಿದ ಹೊಂಡದಲ್ಲೂ ಅದು ಸಾಯುವುದಿಲ್ಲ. ಕೃಷಿ ಹೊಂಡವಿರುವ ರೈತರು ಅದರತ್ತ ಮನಸ್ಸು ಮಾಡುವುದು ಸಹಜವೇ. ತೊಡಕು ಇರುವುದು ಅದರ ಊಟದಲ್ಲಿ. ಅದು ಅಪ್ಪಟ ಮಾಂಸಾಹಾರಿ. ಹಸಿವಾದರೆ ತನ್ನದೇ ಜಾತಿಯ ಮರಿಗಳನ್ನೂ ಬಿಡುವುದಿಲ್ಲ. ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟರೆ ತಿಂದಷ್ಟಕ್ಕೆ ಮುಗಿಯಿತು, ಏಕೆಂದರೆ ಅವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹೊಂಡದಲ್ಲೇ ವಂಶ ಬೆಳೆಸುವ ಪುಟ್ಟ ಮೀನು ಬೇಕು. ಯಾವುದು ಎಂದು ಕೇಳಿದರೆ ಬೇಗ ಹೆಚ್ಚುವ ಜಿಲೇಬಿಯನ್ನೋ (ತಿಲಾಪಿಯಾ) ಗ್ಯಾಂಬೂಸಿಯಾವನ್ನೋ ತೋರಿಸುವವರೇ ಹೆಚ್ಚು. ನನ್ನ ಪ್ರಕಾರ ಅಳತೆಗೋಲೇ ಬೇರೆಯಾಗಬೇಕು. ಆ ಮೀನು ಪೂರ್ತಿ ಬೆಳೆದ ಮೇಲೂ ಕೊರಮೀನಿನ ಬಾಯಿಗೆ ಹಿಡಿಸುತ್ತದೆಯೇ, ತಪ್ಪಿಸಿಕೊಂಡು ಊರ ಕೆರೆ ಸೇರಿದರೆ ಅಲ್ಲಿ ಕೇಡು ಮಾಡದೆ ಇರುತ್ತದೆಯೇ ಎಂದು ಮೊದಲು ಕೇಳಬೇಕು. ಈ ಎರಡರಲ್ಲೂ ಗೆಲ್ಲುವುದು ನಮ್ಮ ಕೆರೆ, ಕಾಲುವೆಗಳ ಸಸಲು, ಪಕ್ಕೆಯಂಥ ನಾಡ ಮೀನುಗಳು.

ಕೊರಮೀನು ಬೇಟೆಯಾಡುವ ಬಗೆಯನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ. ಜೊಂಡಿನ ನೆರಳಿನಲ್ಲಿ ಅಲುಗಾಡದೆ ನಿಂತಿರುತ್ತದೆ. ಸಣ್ಣ ಮೀನೊಂದು ಎದುರಿಗೆ ಬಂದ ಕ್ಷಣ ಎರಗಿ, ಅಗಿಯದೆ ಇಡಿಯಾಗಿ ನುಂಗುತ್ತದೆ. ಹಾಗಾಗಿ ಬೇಟೆಯ ಉದ್ದದಷ್ಟೇ ಅದರ ಮೈಯ ಎತ್ತರವೂ ಮುಖ್ಯ. ಜಿಲೇಬಿಯದು ಎತ್ತರದ ಮೈ, ಬೆನ್ನ ಮೇಲೆ ಚೂಪು ಮುಳ್ಳುಗಳ ಸಾಲು. ಮರಿಯಾಗಿದ್ದಾಗ ಗಂಟಲಿಗೆ ಇಳಿದೀತು. ಅಂಗೈಯಗಲ ಬೆಳೆದದ್ದು ಇಳಿಯದು. ಅಷ್ಟರೊಳಗೆ ಅದು ಮರಿ ಮಾಡಲು ಶುರು ಮಾಡಿರುತ್ತದೆ, ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬರುವ ಜಾತಿಯದು. ಮೊಟ್ಟೆ, ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟು ಕಾಯುವುದರಿಂದ ಬಹುಪಾಲು ಉಳಿದುಕೊಳ್ಳುತ್ತವೆ. ಕೊನೆಗೆ ಹೊಂಡದ ತುಂಬ ಕೊರಮೀನಿಗೂ ದಕ್ಕದ, ಮಾರಿದರೂ ಬೆಲೆ ಬಾರದ ಕುಳ್ಳ ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ಜಿಲೇಬಿಯ ಸಾಕಣೆಯನ್ನು 1959ರಲ್ಲೇ ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಜಿಲೇಬಿಯನ್ನು ಹತೋಟಿಯಲ್ಲಿಡುವುದು ಕೊರಮೀನೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಆಗ್ನೇಯ ಏಷ್ಯಾದಲ್ಲಿ ಜಿಲೇಬಿ ಕೊಳಗಳಿಗೆ ಕೊರಮೀನು ಬಿಟ್ಟು ಹೆಚ್ಚುವರಿ ಮರಿಗಳನ್ನು ತಿನ್ನಿಸುವ ಪ್ರಯೋಗಗಳು ನಡೆದಿವೆ. ಆದರೆ ಅಲ್ಲಿ ಬೆಳೆ ಜಿಲೇಬಿ, ಕೊರಮೀನು ಅದರ ಕಾವಲಿಗೆ. ನಮ್ಮ ರೈತನ ಗುರಿ ಅದರ ತಿರುಗುಮುರುಗು. ಗ್ಯಾಂಬೂಸಿಯಾ ಕೊನೆವರೆಗೂ ಚಿಕ್ಕದಾಗೇ ಇರುತ್ತದೆ, ಬಾಯಿಗೂ ಹಿಡಿಸುತ್ತದೆ, ನಿಜ. ಆದರೆ ಅದು ಬೇರೆ ಮೀನುಗಳ ರೆಕ್ಕೆ ಕಚ್ಚುತ್ತದೆ, ಅವುಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ನಮ್ಮ ದೇಶಕ್ಕೆ ಬಂದ ಈ ಮೀನು ಇಂದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಜೋರು ಮಳೆಗೆ ಹೊಂಡ ಕೋಡಿ ಬಿದ್ದರೆ ಅದು ಕೆರೆ ಸೇರುವುದನ್ನು ತಡೆಯುವವರಿಲ್ಲ.

ಸಸಲು, ಪಕ್ಕೆಗಳ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಅವು ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆ ಇಡುತ್ತವೆ, ಮೊಟ್ಟೆಯನ್ನು ಕಾಯುವುದಿಲ್ಲ, ಬೇಸಿಗೆಗೆ ತೀರಿಹೋಗುವ ಭಯವಿದೆ. ಇದಕ್ಕೆ ಉತ್ತರ ಬಿಡುವ ಕ್ರಮದಲ್ಲಿದೆ. ಅಮೆರಿಕದ ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಬಾಸ್ ಎಂಬ ಬೇಟೆಗಾರ ಮೀನಿನ ಕೊಳಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1950ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬೇಟೆಗಾರ ಮೀನುಗಳ ಒಟ್ಟು ತೂಕದ 3ರಿಂದ 6 ಪಟ್ಟು ತೂಕದಷ್ಟು ಆಹಾರ ಮೀನು ಇದ್ದರೆ ಕೊಳ ಸಮತೋಲದಲ್ಲಿರುತ್ತದೆ. ಅಲ್ಲಿ ಬ್ಲೂಗಿಲ್ ಎಂಬ ಆಹಾರ ಮೀನನ್ನು ಮೊದಲು ಬಿಟ್ಟು, ಅದು ನೆಲೆಯೂರಿದ ಮೇಲೆ ಬಾಸ್ ಮರಿ ಬಿಡುವುದು ವಾಡಿಕೆ. ಜಾತಿ ಬೇರೆ, ಹವೆ ಬೇರೆ, ಹಾಗಾಗಿ ಅಂಕಿ ಹಾಗೇ ನಮಗೆ ಹೊಂದಲಿಕ್ಕಿಲ್ಲ, ಕ್ರಮ ಹೊಂದುತ್ತದೆ. ಪಕ್ಕೆಯ ಮೊಟ್ಟೆ ನೀರೊಳಗಿನ ಗಿಡಗಳಿಗೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಗಿಡವೆಲ್ಲಿ? ತೆಂಗಿನ ಗರಿ, ನಾರಿನ ಕಂತೆಗಳನ್ನು ಅಂಚಿನಲ್ಲಿ ಇಳಿಬಿಟ್ಟರೆ ಮೊಟ್ಟೆಗೆ ಆಸರೆ, ಮರಿಗೆ ಅಡಗುತಾಣ. ಬಲೆ ಕಟ್ಟಿ ಹೊಂಡದ ಒಂದು ಮೂಲೆಗೆ ಕೊರಮೀನು ಬಾರದಂತೆ ಮಾಡಿದರೆ ಬೇಸಿಗೆಗೂ ಬೀಜದ ಮೀನು ಉಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರೋಗದ್ದು. 1988ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಹುಣ್ಣು ರೋಗ ಅತಿ ಹೆಚ್ಚು ಕಾಡಿದ್ದು ಕೊರಮೀನು ಮತ್ತು ಪಕ್ಕೆ ಜಾತಿಗಳನ್ನೇ. ಕೆರೆಯಿಂದ ಹಿಡಿದ ಮೀನಿನ ಜೊತೆ ರೋಗ ಬಂದೀತು ಎಂಬ ಅಂಜಿಕೆ ನ್ಯಾಯವಾದದ್ದು. ಜಿಲೇಬಿ ಈ ರೋಗಕ್ಕೆ ಅಷ್ಟಾಗಿ ಬಗ್ಗುವುದಿಲ್ಲ ಎಂಬುದೂ ನಿಜ. ಆದರೂ ಹೊಂಡದಲ್ಲಿರುವ ಕೊರಮೀನೇ ಈ ರೋಗಕ್ಕೆ ತುತ್ತಾಗುವಂಥದ್ದು. ಜಿಲೇಬಿ ಬಿಟ್ಟ ಮಾತ್ರಕ್ಕೆ ಎಚ್ಚರದ ಅಗತ್ಯ ತಪ್ಪುವುದಿಲ್ಲ. ತಂದ ಮೀನನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಮೈಮೇಲೆ ಕೆಂಪು ಕಲೆ, ಹುಣ್ಣು ಕಂಡರೆ ಹೊಂಡಕ್ಕೆ ಬಿಡಬೇಡಿ, ಕೆರೆಗೂ ಎಸೆಯಬೇಡಿ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಸುಣ್ಣ ಹಾಕಿಸಿ. ಎಷ್ಟೆಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ನೀರು ತೋರಿಸಿ ಕೇಳಿಕೊಳ್ಳಿ. ಈ ಮುಂಗಾರಿಗೆ ಸಸಲು, ಪಕ್ಕೆ ಬಿಟ್ಟು ಅವು ಒಂದು ಸಲ ಮರಿ ಮಾಡುವವರೆಗೆ ಕಾಯಿರಿ, ಕೊರಮೀನಿನ ಮರಿಗೆ ಆಮೇಲೆ ದುಡ್ಡು ಕೊಡಿ.